ಮರದ ಮಾದರಿ ಹಡಗು: ಮೊದಲ ಕಿಟ್ ಆರಿಸಿಕೊಳ್ಳುವ ಬಗೆ

ಮರದ ಮಾದರಿ ಹಡಗುಗಳನ್ನು ಕಟ್ಟುವ ಹವ್ಯಾಸಕ್ಕೆ ಹೊಸದಾಗಿ ಬರುವವರಲ್ಲಿ ಬಹುಪಾಲು ಜನ ಹಡಗಿನ ಕೀರ್ತಿಯನ್ನು ನೋಡಿ ಕಿಟ್ ಕೊಳ್ಳುತ್ತಾರೆ. 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ ಪ್ರಾಣಬಿಟ್ಟ ವಿಕ್ಟರಿ, 1628ರಲ್ಲಿ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಲ್ಪಟ್ಟ ವಾಸಾ, ಬಾಸ್ಟನ್ನಿನಲ್ಲಿ ಇಂದಿಗೂ ತೇಲುತ್ತಿರುವ ಕಾನ್‌ಸ್ಟಿಟ್ಯೂಷನ್ ಮುಂತಾದ ಹೆಸರುಗಳನ್ನು ಪೆಟ್ಟಿಗೆಯ ಮೇಲೆ ಕಂಡಾಗ ಮನಸ್ಸು ಸೋಲುವುದು ಸಹಜ. ಆದರೆ ಕೈಗೆತ್ತಿಕೊಂಡ ಮಾದರಿ ಪೂರ್ಣಗೊಂಡು ಗಾಜಿನ ಕಪಾಟಿಗೆ ಬರುವುದೋ, ಅರ್ಧಕ್ಕೇ ನಿಂತು ಅಟ್ಟ ಸೇರುವುದೋ ಎಂಬುದು ಆ ಹಡಗಿನ ಒಡಲಿನ ಆಕಾರ, ಕಟ್ಟುವ ವಿಧಾನ, ಹಗ್ಗಗಳ ಹೊರೆ ಮತ್ತು ಅಳತೆಯ ಪ್ರಮಾಣಗಳಿಂದ ತೀರ್ಮಾನವಾಗುತ್ತದೆ. ಇವುಗಳನ್ನು ಒಂದೊಂದಾಗಿ ಹೋಲಿಸಿ ನೋಡಿದರೆ ಮೊದಲ ಕಿಟ್ ಚಿಕ್ಕದೊಂದು ದುಡಿಮೆಯ ದೋಣಿಯಾಗಿರಬೇಕು ಎಂಬ ನನ್ನ ನಿಲುವಿಗೆ ಕಾರಣಗಳು ತಿಳಿಯುತ್ತವೆ.

ಕಟ್ಟುವ ವಿಧಾನಗಳು

ಮೊದಲನೆಯದು ಇಡೀ ಮರದ ಒಡಲು. ಯಂತ್ರದಿಂದ ಬಹುಮಟ್ಟಿಗೆ ಕೊರೆದ ಮರದ ದಿಮ್ಮಿಯೊಂದು ಪೆಟ್ಟಿಗೆಯಲ್ಲಿ ಬರುತ್ತದೆ. ನಕ್ಷೆಯಿಂದ ಕತ್ತರಿಸಿಕೊಂಡ ರಟ್ಟಿನ ಅಚ್ಚುಗಳನ್ನು ಅದರ ಮೈಗೆ ಹಿಡಿದು ನೋಡುತ್ತ, ಉಳಿಯಿಂದಲೂ ಉಪ್ಪುಕಾಗದದಿಂದಲೂ ಅದನ್ನು ಅಂತಿಮ ರೂಪಕ್ಕೆ ತರಬೇಕು. ಅಮೆರಿಕದ ಮಾಡೆಲ್ ಶಿಪ್‌ವೇಸ್ ಸಂಸ್ಥೆಯ ಫ್ಯಾಂಟಮ್ ಎಂಬ ನ್ಯೂಯಾರ್ಕ್ ಪೈಲಟ್ ದೋಣಿ ಇದಕ್ಕೆ ಉದಾಹರಣೆ. ಹಲಗೆ ಹೊದಿಸುವ ಕಷ್ಟ ಇದರಲ್ಲಿಲ್ಲ. ಆದರೆ ಹಡಗಿನ ಅಟ್ಟದ (ಡೆಕ್) ಸುತ್ತಲಿನ ತಡೆಗೋಡೆಯನ್ನು ದಪ್ಪ ಮರದಿಂದ ಎರಡು ಮಿಲಿಮೀಟರಿಗೂ ಕಡಿಮೆ ದಪ್ಪಕ್ಕೆ ಕೊರೆದು ಇಳಿಸುವುದು ಹೊಸಬರ ಕೈಗೆ ಸುಲಭವಲ್ಲ. ಎಡ ಬಲಗಳ ಆಕಾರ ಒಂದೇ ಆಗಿದೆಯೇ ಎಂಬುದನ್ನು ಅಚ್ಚು ಹಿಡಿದು ಮತ್ತೆ ಮತ್ತೆ ನೋಡಿಕೊಳ್ಳಬೇಕು. ಹಲಗೆ ಹೊದಿಸುವ ಕಲೆಯನ್ನು ಕಲಿಯಬೇಕೆಂದೇ ಈ ಹವ್ಯಾಸಕ್ಕೆ ಬಂದವರಿಗೆ ಈ ವಿಧಾನದಿಂದ ತೃಪ್ತಿಯೂ ಸಿಗದು.

ಎರಡನೆಯದು ಅಡ್ಡಫಲಕಗಳ ಮೇಲೆ ಹಲಗೆ ಹೊದಿಸುವ ವಿಧಾನ. ಇಂದು ಮಾರುಕಟ್ಟೆಯಲ್ಲಿರುವ ಕಿಟ್‌ಗಳಲ್ಲಿ ಹೆಚ್ಚಿನವು ಈ ಬಗೆಯವು. ಹಡಗಿನ ಉದ್ದಕ್ಕೂ ನಿಲ್ಲುವ ಪ್ಲೈವುಡ್ಡಿನ ನಡುಫಲಕಕ್ಕೆ ಲೇಸರಿನಿಂದ ಕತ್ತರಿಸಿದ ಅಡ್ಡಫಲಕಗಳನ್ನು ಸೀಳುಗಳಲ್ಲಿ ಕೂರಿಸಿ, ಅವುಗಳ ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಅದರ ಮೇಲೆ ತೆಳುವಾದ ಮರದ ಪಟ್ಟಿಗಳನ್ನು ಅಂಟಿಸುತ್ತ ಹೋಗಬೇಕು. ಒಡಲಿನ ಆಕಾರವನ್ನು ಅಡ್ಡಫಲಕಗಳೇ ಹಿಡಿದಿಡುವುದರಿಂದ ತಪ್ಪಿಗೆ ಒಂದು ಮಿತಿ ಇರುತ್ತದೆ.

ಮೂರನೆಯದು ನಿಜವಾದ ಹಡಗಿನಂತೆಯೇ ಒಂದೊಂದು ಪಕ್ಕೆಯನ್ನೂ ಹಲವು ತುಂಡುಗಳಿಂದ ಜೋಡಿಸಿ, ಸಾಲಾಗಿ ನಿಲ್ಲಿಸಿ, ಬಳಿಕ ಹಲಗೆ ಹೊದಿಸುವ ವಿಧಾನ. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಮಾಡಲಾದ ಮಾದರಿಗಳಲ್ಲಿ ಒಡಲಿನ ಕೆಳಭಾಗವನ್ನು ಹಲಗೆ ಮುಚ್ಚದೆ ಬಿಟ್ಟು ಪಕ್ಕೆಗಳು ಕಾಣುವಂತೆ ಮಾಡುತ್ತಿದ್ದರು. ಅಂಥದ್ದನ್ನು ಕಟ್ಟಬೇಕೆಂಬ ಆಸೆ ಈ ಹವ್ಯಾಸದಲ್ಲಿ ಆಳವಾಗಿ ಇಳಿದವರೆಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಮೊದಲ ಮಾದರಿಗೆ ಮಾತ್ರ ಇದನ್ನು ಸೂಚಿಸಲಾರೆ.

ಹಾಗಾಗಿ ಹೊಸಬರ ಆಯ್ಕೆ ಬಹುತೇಕ ಎರಡನೆಯ ವಿಧಾನದೊಳಗೇ ನಡೆಯುತ್ತದೆ. ಅಲ್ಲಿಯೂ ಒಂದು ಕಿಟ್‌ಗೂ ಇನ್ನೊಂದಕ್ಕೂ ಅಜಗಜಾಂತರವಿದೆ.

ಒಡಲಿನ ಆಕಾರವನ್ನು ಓದುವುದು

ಕಿಟ್ ಕೊಳ್ಳುವ ಮುನ್ನ ಹಡಗಿನ ಮೂತಿಯನ್ನು ಮೇಲಿನಿಂದ ತೋರಿಸುವ ನಕ್ಷೆಯನ್ನು ಹುಡುಕಿ ನೋಡಬೇಕು. ಪೆಟ್ಟಿಗೆಯ ಮೇಲಿನ ಚಿತ್ರ ಹೇಳದ ಎಷ್ಟೋ ಸಂಗತಿಗಳನ್ನು ಈ ಒಂದು ನಕ್ಷೆ ಹೇಳುತ್ತದೆ. ಮೂತಿ ಚೂಪಾಗಿದ್ದು ಪಕ್ಕಗಳು ನಿಧಾನವಾಗಿ ಅಗಲವಾಗುತ್ತ ಹೋದರೆ ಪಟ್ಟಿಗಳು ಹೆಚ್ಚು ಬಾಗಬೇಕಾಗಿಲ್ಲ. ಮೂತಿ ದುಂಡಾಗಿದ್ದರೆ, ಅಂದರೆ ಹದಿನೆಂಟನೆಯ ಶತಮಾನದ ಬಹುತೇಕ ಯುದ್ಧನೌಕೆಗಳಂತೆ ಉಬ್ಬಿಕೊಂಡಿದ್ದರೆ, ಕಷ್ಟ ಅಲ್ಲಿಂದಲೇ ಆರಂಭವಾಗುತ್ತದೆ. ತೆಂಗಿನಕಾಯಿಯ ಸುತ್ತ ಒಂದೇ ಅಗಲದ ಕಾಗದದ ಪಟ್ಟಿಗಳನ್ನು ಉದ್ದುದ್ದವಾಗಿ ಅಂಟಿಸಲು ಹೋದರೆ ನಡುವೆ ಸರಿಯಾಗಿ ಕೂತ ಪಟ್ಟಿಗಳು ತುದಿಯಲ್ಲಿ ಒಂದರ ಮೇಲೊಂದು ಏರುತ್ತವೆ. ಹಡಗಿನ ಮೂತಿಯಲ್ಲಿ ನಡೆಯುವುದೂ ಅದೇ. ಹಡಗಿನ ನಡುಭಾಗದಲ್ಲಿ ಅಡ್ಡಫಲಕದ ಅಂಚು ಉದ್ದವಾಗಿಯೂ ಮೂತಿಯ ಬಳಿ ಚಿಕ್ಕದಾಗಿಯೂ ಇರುವುದರಿಂದ, ಪ್ರತಿ ಹಲಗೆಯನ್ನೂ ಮುಂದಕ್ಕೆ ಹೋದಂತೆ ಕಿರಿದಾಗಿಸಲೇಬೇಕು.

ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಒಂದು ಕಾಗದದ ಪಟ್ಟಿಯನ್ನು ನಡು ಅಡ್ಡಫಲಕದ ಅಂಚಿನ ಮೇಲೆ ಹಿಡಿದು, ಇನ್ನೂ ಹೊದಿಸಬೇಕಾದ ಜಾಗದ ಉದ್ದವನ್ನು ಗುರುತು ಮಾಡಿ, ಅದನ್ನು ಹಲಗೆಯ ಅಗಲದಿಂದ ಭಾಗಿಸಿದರೆ ಎಷ್ಟು ಹಲಗೆಗಳು ಬೇಕೆಂಬುದು ತಿಳಿಯುತ್ತದೆ. ಅದೇ ಸಂಖ್ಯೆಯಿಂದ ಮೂತಿಯ ಬಳಿಯ ಅಂಚನ್ನು ಭಾಗಿಸಿದರೆ ಅಲ್ಲಿ ಪ್ರತಿ ಹಲಗೆ ಎಷ್ಟು ಅಗಲವಿರಬೇಕೆಂಬ ಲೆಕ್ಕ ಸಿಗುತ್ತದೆ. ನಡುವಿನಲ್ಲಿ 5 ಮಿಲಿಮೀಟರ್ ಇರುವ ಹಲಗೆ ಮೂತಿಯಲ್ಲಿ 3 ಮಿಲಿಮೀಟರಿಗೆ ಇಳಿಯಬೇಕೆಂದು ಬಂದರೆ, ಆ ಗುರುತುಗಳನ್ನು ಮರದ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಇಟ್ಟು, ಉಕ್ಕಿನ ಅಳತೆಪಟ್ಟಿಯ ಆಸರೆಯಲ್ಲಿ ಚೂಪು ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಚಿಕ್ಕ ಕೀಸುಳಿಯಿಂದ ಒಂದೆರಡು ಎಳೆತದಲ್ಲಿ ನೇರಗೊಳಿಸಬೇಕು. ಬಳಿಕ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಬಿಸಿ ತಾಗಿಸಿ ಬಾಗಿಸಿ, ಒಣಗುವವರೆಗೂ ಕ್ಲಿಪ್ಪು ಹಾಕಿ ಹಿಡಿದಿಡಬೇಕು. ಒದ್ದೆಯಿರುವಾಗಲೇ ಅಂಟಿಸಿದರೆ ಮರ ಒಣಗುತ್ತ ಕುಗ್ಗಿ, ಮರುದಿನ ಎರಡು ಹಲಗೆಗಳ ನಡುವೆ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ. ಇಷ್ಟೆಲ್ಲ ಒಂದು ಹಲಗೆಗೆ. ಎಡಕ್ಕೊಂದು ಹಾಕಿದರೆ ಬಲಕ್ಕೊಂದು ಹಾಕಬೇಕು, ಇಲ್ಲದಿದ್ದರೆ ನಡುಫಲಕ ಒಂದು ಬದಿಗೆ ಸೊಟ್ಟಗಾಗುವ ಅಪಾಯವಿದೆ.

ಹಲಗೆಯನ್ನು ಅದರ ಅರ್ಧ ಅಗಲಕ್ಕಿಂತ ಕಿರಿದು ಮಾಡಬಾರದೆಂಬುದು ಹಳೆಯ ಹಡಗುಕಟ್ಟೆಗಳಿಂದ ಬಂದ ನಿಯಮ. ಅದಕ್ಕಿಂತ ಕಿರಿದಾಗಬೇಕಾಗಿ ಬಂದರೆ ಎರಡು ಹಲಗೆಗಳನ್ನು ಒಂದು ಅಗಲವಾದ ಹಲಗೆಗೆ ಸೇರಿಸಿ ಮುಗಿಸುತ್ತಾರೆ. ಹಿಂಭಾಗದಲ್ಲಿ ಜಾಗ ಅಗಲವಾಗುವುದರಿಂದ ಹೆಚ್ಚುವರಿ ತುಂಡುಗಳನ್ನು ನಡುವೆ ಸೇರಿಸುತ್ತಾರೆ. ದುಂಡುಮೂತಿಯ ಹಡಗಿನಲ್ಲಿ ಈ ಎಲ್ಲ ತಂತ್ರಗಳೂ ಬೇಕಾಗುತ್ತವೆ, ಚೂಪುಮೂತಿಯ ಚಿಕ್ಕ ದೋಣಿಯಲ್ಲಿ ಬರಿಯ ಕಿರಿದಾಗಿಸುವಿಕೆ ಸಾಕಾಗುತ್ತದೆ. ಕಿಟ್‌ನ ಬೆಲೆ ಎಷ್ಟೇ ಇರಲಿ, ಈ ವ್ಯತ್ಯಾಸವನ್ನು ಹಣ ಕೊಟ್ಟು ದಾಟಲಾಗದು.

ಒಂದು ಪದರವೋ, ಎರಡು ಪದರವೋ

ಯುರೋಪಿನ ಹೆಚ್ಚಿನ ಕಿಟ್‌ಗಳಲ್ಲಿ ಒಡಲಿಗೆ ಎರಡು ಪದರ ಹಲಗೆ ಇರುತ್ತದೆ. ಮೊದಲ ಪದರ ಸುಮಾರು 1.5 ಮಿಲಿಮೀಟರ್ ದಪ್ಪದ ಮೆದುಮರ; ಅದರ ಮೇಲೆ ಅರ್ಧದಿಂದ ಒಂದು ಮಿಲಿಮೀಟರ್ ದಪ್ಪದ ವಾಲ್ನಟ್ ಅಥವಾ ಪೇರ್ ಮರದ ತೆಳುಪಟ್ಟಿ. ಅಮೆರಿಕದ ಕಿಟ್‌ಗಳಲ್ಲಿ ಬಾಸ್‌ವುಡ್ ಮರದ ಒಂದೇ ಪದರ ಸಾಮಾನ್ಯ. ಒಂದೇ ಪದರವೆಂದರೆ ಕೆಲಸ ಅರ್ಧವಾಯಿತೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಎರಡು ಪದರದ ಕಿಟ್ ಹೊಸಬರನ್ನು ಹೆಚ್ಚು ಕ್ಷಮಿಸುತ್ತದೆ, ಏಕೆಂದರೆ ಮೊದಲ ಪದರದಲ್ಲಾದ ತಗ್ಗು ಉಬ್ಬುಗಳನ್ನು ಪುಟ್ಟಿ ತುಂಬಿ, ಉಜ್ಜಿ ಸಮಗೊಳಿಸಿದ ಮೇಲೆ ಕಣ್ಣಿಗೆ ಕಾಣುವ ಪದರವನ್ನು ಹೊಸದಾಗಿ ಹೊದಿಸಬಹುದು. ಹಲಗೆ ಹೊದಿಸುವ ಅಭ್ಯಾಸ ಒಂದೇ ಮಾದರಿಯಲ್ಲಿ ಎರಡು ಬಾರಿ ಸಿಗುತ್ತದೆ.

ಆದರೂ ಒಂದು ಪದರದ ಕಿಟ್‌ಗಳನ್ನು ಪೂರ್ತಿ ತಳ್ಳಿಹಾಕಬಾರದು. ಬಾಸ್‌ವುಡ್ ಸುಲಭವಾಗಿ ಬಾಗುತ್ತದೆ, ಸುಲಭವಾಗಿ ಉಜ್ಜಿಸಿಕೊಳ್ಳುತ್ತದೆ, ಮತ್ತು ಆ ಒಡಲಿಗೆ ಕೊನೆಯಲ್ಲಿ ಬಣ್ಣ ಬಳಿಯುವುದಾದರೆ ಪುಟ್ಟಿ ತುಂಬಿದ ಗುರುತುಗಳು ಮರೆಯಾಗುತ್ತವೆ. ಮರದ ಸಹಜ ಬಣ್ಣವನ್ನೇ ಉಳಿಸಬೇಕೆಂಬ ಆಸೆ ಇದ್ದರೆ ಎರಡು ಪದರದ ಕಿಟ್ ಕೊಳ್ಳಿ. ಬಣ್ಣ ಬಳಿಯಲು ಮನಸ್ಸಿದ್ದರೆ ಒಂದು ಪದರದ್ದೂ ಆದೀತು.

ಹಗ್ಗಗಳ ಹೊರೆ

ಒಡಲು ಮುಗಿದಾಗ ಕೆಲಸದ ಅರ್ಧ ಮಾತ್ರ ಮುಗಿದಿರುತ್ತದೆ ಎಂಬುದನ್ನು ಕಿಟ್ ಕೊಳ್ಳುವವರು ಮುಂಚೆಯೇ ತಿಳಿದಿರಬೇಕು. ಒಂದೇ ಕೂವೆಕಂಬದ ಮೀನುಗಾರಿಕೆ ದೋಣಿಯಲ್ಲಿ ಹಗ್ಗಗಳು ಕೈಬೆರಳೆಣಿಕೆಯಷ್ಟಿರಬಹುದು. ಮೂರು ಕೂವೆಕಂಬಗಳಿದ್ದು ಅಡ್ಡಮರಗಳಿಂದ ಚೌಕಹಾಯಿ ಇಳಿಬಿಟ್ಟ ಯುದ್ಧನೌಕೆಯಲ್ಲಿ ಅವು ನೂರಾರು. ಅದರಲ್ಲಿಯೂ ನಾವಿಕರು ಕಂಬ ಹತ್ತುವುದಕ್ಕಾಗಿ ಇಳಿಜಾರು ಹಗ್ಗಗಳಿಗೆ ಅಡ್ಡಲಾಗಿ ಕಟ್ಟುವ ಮೆಟ್ಟಿಲು ಹಗ್ಗಗಳು ತಾಳ್ಮೆಯನ್ನು ಪರೀಕ್ಷಿಸುತ್ತವೆ. ನಿಜವಾದ ಹಡಗಿನಲ್ಲಿ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಸುಮಾರು 33ರಿಂದ 38 ಸೆಂಟಿಮೀಟರ್ ಅಂತರವಿರುತ್ತಿತ್ತು. 1:64 ಪ್ರಮಾಣದಲ್ಲಿ, ಅಂದರೆ ನಿಜದ ಅಳತೆಯ ಅರವತ್ತನಾಲ್ಕನೆಯ ಒಂದು ಭಾಗಕ್ಕೆ ಇಳಿಸಿದಾಗ, ಅದು 5ರಿಂದ 6 ಮಿಲಿಮೀಟರ್. ಆ ಅಂತರ ತಪ್ಪದಂತೆ, ಇಳಿಜಾರು ಹಗ್ಗಗಳು ಒಳಕ್ಕೆ ಎಳೆದುಕೊಳ್ಳದಂತೆ, ಚಿಮುಟದ ತುದಿಯಲ್ಲಿ ಹಿಡಿದ ದಾರದಿಂದ ಒಂದೊಂದು ಕೂಡಿಕೆಗೂ ಗಂಟು ಹಾಕುತ್ತ ಹೋಗಬೇಕು. ಹಿಂದೆ ಗೆರೆ ಎಳೆದ ಬಿಳಿ ಕಾಗದವನ್ನು ಇಟ್ಟುಕೊಂಡರೆ ಅಂತರ ಕಾಣಲು ಅನುಕೂಲ. ಈ ಕೆಲಸದಲ್ಲಿ ನೆಮ್ಮದಿ ಕಾಣುವವರೂ ಇದ್ದಾರೆ, ಇದರಲ್ಲೇ ಸೋತು ಹವ್ಯಾಸ ಬಿಟ್ಟವರೂ ಇದ್ದಾರೆ. ತಾವು ಯಾವ ಬಗೆಯವರೆಂಬುದನ್ನು ಮೂರು ಕಂಬದ ಹಡಗಿನ ಮೇಲೆ ಪರೀಕ್ಷಿಸಿಕೊಳ್ಳುವ ಅಗತ್ಯವಿಲ್ಲ.

ಹಾಯಿಗಳನ್ನು ಕಟ್ಟಲೇಬೇಕೆಂದಿಲ್ಲ. ಬರಿಯ ಕಂಬ ಮತ್ತು ಹಗ್ಗಗಳಿರುವ ಮಾದರಿಯೇ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಕಾಣುವ ಕ್ರಮ.

ಪ್ರಮಾಣ ಮತ್ತು ಜಾಗ

ಮಾದರಿ ಚಿಕ್ಕದಾದಷ್ಟೂ ಕೆಲಸ ಸುಲಭ ಎಂಬುದು ತಪ್ಪು ಗ್ರಹಿಕೆ. ಹಡಗು ಚಿಕ್ಕದಾಗಿದ್ದು ಪ್ರಮಾಣ ದೊಡ್ಡದಾಗಿರಬೇಕು. ಅದೇ ಹೊಸಬರಿಗೆ ಹಿತವಾದ ಜೋಡಿ. ನಿಜದಲ್ಲಿ 25 ಮಿಲಿಮೀಟರ್ ದಪ್ಪವಿರುವ ಹಗ್ಗ 1:64ರಲ್ಲಿ ಸುಮಾರು 0.4 ಮಿಲಿಮೀಟರ್ ಆಗುತ್ತದೆ, 1:96ರಲ್ಲಿ 0.26 ಆಗುತ್ತದೆ. ಅದನ್ನು ಹಾಯಿಸಬೇಕಾದ ಮರದ ಗಾಲಿಯ (ರಾಟೆಯ) ತೂತು ಕೂಡ ಅದೇ ಅನುಪಾತದಲ್ಲಿ ಚಿಕ್ಕದಾಗುತ್ತದೆ. 1:24 ಅಥವಾ 1:16 ಪ್ರಮಾಣದ ದೋಣಿಯಲ್ಲಾದರೋ ಕೂರುವ ಹಲಗೆ, ಹುಟ್ಟು, ಚುಕ್ಕಾಣಿ ಎಲ್ಲವೂ ಬೆರಳಲ್ಲಿ ಹಿಡಿಯುವಷ್ಟು ದೊಡ್ಡದಾಗಿರುತ್ತವೆ.

ಮತ್ತೊಂದು ತುದಿಯಲ್ಲಿ ವಿಕ್ಟರಿ ಇದೆ. ಬ್ರಿಟನ್ನಿನ ಕಾಲ್ಡರ್‌ಕ್ರಾಫ್ಟ್ ಸಂಸ್ಥೆಯ 1:72 ಪ್ರಮಾಣದ ಮಾದರಿ ಪೂರ್ಣಗೊಂಡಾಗ ಸುಮಾರು 1.4 ಮೀಟರ್ ಉದ್ದವಾಗುತ್ತದೆ. ನಿಜವಾದ ಹಡಗಿನ ಮುಖ್ಯ ಕೂವೆಕಂಬ ನೀರಿನ ಮಟ್ಟದಿಂದ 62 ಮೀಟರಿಗೂ ಎತ್ತರವಿರುವುದರಿಂದ ಮಾದರಿಯಲ್ಲಿಯೂ ಅದು 85 ಸೆಂಟಿಮೀಟರನ್ನು ದಾಟುತ್ತದೆ. ಇದಕ್ಕೆ ಗಾಜಿನ ಪೆಟ್ಟಿಗೆಯನ್ನು ಮಾಡಿಸಿ ಎರಡು ಕೋಣೆಯ ಮನೆಯಲ್ಲಿ ಎಲ್ಲಿ ಇಡುವುದೆಂಬ ಪ್ರಶ್ನೆಯನ್ನು ಹಲಗೆ ಅಂಟಿಸುವ ಮೊದಲೇ ಕೇಳಿಕೊಳ್ಳಬೇಕು. ಗಾಜಿಲ್ಲದೆ ಇಟ್ಟರೆ ನಮ್ಮ ಊರುಗಳ ಧೂಳು ಹಗ್ಗಗಳ ಮೇಲೆ ಕೂತು, ಅದನ್ನು ಒರೆಸಲು ಹೋದಾಗ ಗಂಟುಗಳೇ ಸಡಿಲವಾಗುತ್ತವೆ.

ಆರು ಆಯ್ಕೆಗಳು, ಎದುರುಬದುರು

ಮೊದಲಿಗೆ ಡೋರಿ. ಉತ್ತರ ಅಟ್ಲಾಂಟಿಕ್ಕಿನ ಗ್ರ್ಯಾಂಡ್ ಬ್ಯಾಂಕ್ಸ್ ಪ್ರದೇಶದಲ್ಲಿ ಕಾಡ್ ಮೀನು ಹಿಡಿಯಲು ಬಳಸುತ್ತಿದ್ದ ಚಪ್ಪಟೆ ತಳದ ಈ ಪುಟ್ಟ ದೋಣಿಗಳನ್ನು ದೊಡ್ಡ ಹಾಯಿಹಡಗಿನ ಅಟ್ಟದ ಮೇಲೆ ಒಂದರೊಳಗೊಂದು ಪೇರಿಸಿ ಒಯ್ಯುತ್ತಿದ್ದರು. 1793ರಲ್ಲಿ ಆರಂಭವಾದ ಮ್ಯಾಸಚೂಸೆಟ್ಸ್‌ನ ಲೋವೆಲ್ ದೋಣಿ ಕಾರ್ಯಾಗಾರ ಇದಕ್ಕೆ ಹೆಸರಾದದ್ದು. ಮಾಡೆಲ್ ಶಿಪ್‌ವೇಸ್ ಈ ಡೋರಿಯ 1:24 ಕಿಟ್ಟನ್ನು ಮೊದಲ ಮೆಟ್ಟಿಲಾಗಿಯೂ, 1:12 ಪ್ರಮಾಣದ ನಾರ್ವೆಯ ಹಾಯಿ ಪ್ರ್ಯಾಮ್ ದೋಣಿಯನ್ನು ಎರಡನೆಯದಾಗಿಯೂ, 1:24 ಪ್ರಮಾಣದ ಮಸ್ಕಾಂಗಸ್ ಕೊಲ್ಲಿಯ ಲಾಬ್ಸ್ಟರ್ ದೋಣಿಯನ್ನು ಮೂರನೆಯದಾಗಿಯೂ ಇಟ್ಟು, ಕಲಿಕೆಗೆಂದೇ ಒಂದು ಸರಣಿಯನ್ನು ಹೊರತಂದಿದೆ. ಮೂರನ್ನೂ ವಿನ್ಯಾಸ ಮಾಡಿದವರು ಈ ಕ್ಷೇತ್ರದಲ್ಲಿ ಗೌರವ ಪಡೆದ ಡೇವಿಡ್ ಆ್ಯಂಟ್ಷರ್ಲ್. ಮೊದಲ ಎರಡರಲ್ಲಿ ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಏರಿ ಕೂರುತ್ತದೆ. ಹಲಗೆಗಳು ಲೇಸರಿನಿಂದ ಕತ್ತರಿಸಿದ್ದೇ ಆದರೂ ಏರಿದ ಅಂಚುಗಳು ಎರಡೂ ಬದಿಗಳಲ್ಲಿ ಸಮವಾಗಿ ಕಾಣಬೇಕಾದ್ದರಿಂದ ಗಮನವಿಟ್ಟು ಕೂರಿಸಬೇಕು. ಮೂರನೆಯದರಲ್ಲಿ ಹಲಗೆಗಳು ಅಂಚಿಗೆ ಅಂಚು ಕೂಡುತ್ತವೆ, ಹಗ್ಗದ ಕೆಲಸವೂ ಸ್ವಲ್ಪ ಬರುತ್ತದೆ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಎರಡನೆಯ ಆಯ್ಕೆ ಸ್ಕಾಟ್ಲೆಂಡಿನ ಜುಲು ಎಂಬ ಮೀನುಗಾರಿಕೆ ದೋಣಿ. ಹೆರಿಂಗ್ ಮೀನು ಹಿಡಿಯಲು 1879ರಿಂದ ಬಳಕೆಗೆ ಬಂದ ಈ ದೋಣಿಗೆ ನೆಟ್ಟಗೆ ನಿಂತ ಮೂತಿ, ಓರೆಯಾಗಿ ಹಿಂದಕ್ಕೆ ಚಾಚಿದ ಚೂಪು ಹಿಂಭಾಗ, ಎರಡು ಕೂವೆಕಂಬ. ಬ್ರಿಟನ್ನಿನ ವ್ಯಾನ್‌ಗಾರ್ಡ್ ಮಾಡೆಲ್ಸ್ 1:64ರಲ್ಲಿ ಇದರ ಕಿಟ್ ಮಾಡುತ್ತದೆ. ಒಡಲಿನ ಎರಡೂ ತುದಿಗಳು ಕಿರಿದಾಗಿ ಮುಗಿಯುವುದರಿಂದ ಹಲಗೆಗಳು ಹರಿದುಹೋಗುವ ರೀತಿ ಸಹಜವಾಗಿರುತ್ತದೆ. ಹಾಯಿಗಳ ಜೋಡಣೆ ಸರಳವಾದುದರಿಂದ ಹಗ್ಗಗಳು ಕಡಿಮೆ. ಪೂರ್ಣಗೊಂಡಾಗ ಅದು ಹಡಗಿನ ಮಾದರಿಯೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಡೋರಿ ತೀರ ಪುಟ್ಟದೆನಿಸಿದವರು ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು.

ಮೂರನೆಯದು ಬೌಂಟಿ ಹಡಗಿನ ಲಾಂಚ್ ದೋಣಿ. 1789ರ ಏಪ್ರಿಲ್ 28ರಂದು ದಂಗೆಯೆದ್ದ ನಾವಿಕರು ಕ್ಯಾಪ್ಟನ್ ಬ್ಲೈ ಮತ್ತು ಅವನ 18 ಮಂದಿ ಸಂಗಡಿಗರನ್ನು 23 ಅಡಿ ಉದ್ದದ ಈ ತೆರೆದ ದೋಣಿಗೆ ಇಳಿಸಿ ಬಿಟ್ಟುಹೋದರು. ಅವನು ಅದರಲ್ಲೇ ಸುಮಾರು 3,600 ನಾಟಿಕಲ್ ಮೈಲಿ ದಾಟಿ ಟಿಮೋರ್ ದ್ವೀಪ ಮುಟ್ಟಿದ. ಮಾಡೆಲ್ ಶಿಪ್‌ವೇಸ್‌ನ 1:16 ಮಾದರಿಯಲ್ಲಿ ಒಡಲು ಸುಮಾರು 44 ಸೆಂಟಿಮೀಟರ್ ಉದ್ದ ಬರುತ್ತದೆ. ಒಳಭಾಗವೆಲ್ಲ ತೆರೆದೇ ಇರುವುದರಿಂದ ಹಲಗೆಯ ಒಳಮೈಯನ್ನೂ ಹೊರಮೈಯಷ್ಟೇ ಚೊಕ್ಕಟವಾಗಿ ಮುಗಿಸಬೇಕು. ಸೋರಿದ ಅಂಟನ್ನು ಮುಚ್ಚಿಡಲು ಅಟ್ಟವೇ ಇಲ್ಲ. ಕಥೆಯ ಸೆಳೆತ ದೊಡ್ಡದು, ಕಷ್ಟ ಮಧ್ಯಮ. ಎರಡನೆಯ ಮಾದರಿಯಾಗಿ ಇದು ಬಹಳ ಚೆನ್ನ.

ನಾಲ್ಕನೆಯದು ಕಾಲ್ಡರ್‌ಕ್ರಾಫ್ಟಿನ ಶೆರ್ಬೋರ್ನ್, 1763ರ ಬ್ರಿಟಿಷ್ ಕಟರ್. ಒಂದೇ ಕೂವೆಕಂಬ, 1:64 ಪ್ರಮಾಣ, ಸುಮಾರು ಅರ್ಧ ಮೀಟರ್ ಉದ್ದ, ಎರಡು ಪದರದ ಹಲಗೆ. ಹೊಸಬರಿಗೆ ಇದನ್ನು ಸೂಚಿಸುವ ವಾಡಿಕೆ ಬಹಳ ಹಿಂದಿನಿಂದ ಇದೆ. ನನಗೆ ಅದರಲ್ಲಿ ಒಂದು ತಕರಾರಿದೆ: ಚಿಕ್ಕ ಹಡಗಾದರೂ ಇದರ ಮೂತಿ ದುಂಡು, ಆದ್ದರಿಂದ ಮೊದಲ ಪದರದಲ್ಲೇ ಪಟ್ಟಿಗಳು ಹಟ ಹಿಡಿಯುತ್ತವೆ. ಫಿರಂಗಿಗಳಿರುವ ಯುದ್ಧನೌಕೆಯೇ ಬೇಕು, ಆದರೆ ಮೂರು ಕಂಬ ಬೇಡ ಎನ್ನುವವರಿಗೆ ಮಾತ್ರ ಇದು ಸರಿಯಾದ ಮೊದಲ ಕಿಟ್.

ಐದನೆಯದು ಬ್ಲೂನೋಸ್. ವಿಲಿಯಂ ರೂಯೆ ವಿನ್ಯಾಸ ಮಾಡಿ, 1921ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ನೀರಿಗಿಳಿದ ಈ ಎರಡು ಕಂಬದ ಸ್ಕೂನರ್ ಮೀನುಗಾರಿಕೆಯನ್ನೂ ಪಂದ್ಯವನ್ನೂ ಒಂದೇ ಒಡಲಿನಲ್ಲಿ ಗೆದ್ದಿತು. 1937ರಿಂದ ಕೆನಡಾದ ಹತ್ತು ಸೆಂಟಿನ ನಾಣ್ಯದ ಮೇಲೆ ಕಾಣಿಸಿಕೊಂಡ ಹಡಗೆಂದರೆ ಇದೇ ಎಂದು ಅಲ್ಲಿ ನೆಲೆಸಿರುವ ಕನ್ನಡಿಗರು ಕೂಡಲೇ ಗುರುತಿಸಬಲ್ಲರು. 43.6 ಮೀಟರ್ ಉದ್ದದ ಹಡಗು 1:64ರಲ್ಲಿ 68 ಸೆಂಟಿಮೀಟರ್ ಆಗುತ್ತದೆ, ಮೂತಿಯಿಂದ ಮುಂದೆ ಚಾಚುವ ಕಂಬ ಬೇರೆ. ಮೂತಿ ಚೂಪು, ಒಡಲಿಗೆ ಬಣ್ಣ, ಚೌಕಹಾಯಿಗಳಿಲ್ಲ, ಇವೆಲ್ಲ ಅನುಕೂಲಗಳು. ಆದರೆ ಹಿಂಭಾಗದಲ್ಲಿ ನೀರಿನ ಮೇಲೆ ಚಾಚಿ ಮೇಲೇರುವ ಒಡಲಿನ ಅಡಿಯಲ್ಲಿ ಹಲಗೆ ಒಮ್ಮೆಗೇ ತಿರುಚಿಕೊಳ್ಳಬೇಕಾಗುತ್ತದೆ, ಅಟ್ಟದ ಮೇಲಿನ ಸಾಮಗ್ರಿಯೂ ಬಹಳ. ಡೋರಿಯನ್ನೋ ಜುಲುವನ್ನೋ ಮುಗಿಸಿದವರಿಗೆ ಇದು ತಕ್ಕ ಮುಂದಿನ ಹೆಜ್ಜೆ, ಏಕೆಂದರೆ ಅಟ್ಟದ ಮೇಲೆ ಪೇರಿಸಿಟ್ಟ ಡೋರಿಗಳನ್ನು ಕಟ್ಟುವಾಗ ಮೊದಲ ಮಾದರಿಯಲ್ಲಿ ಕಲಿತ ಕೆಲಸವೇ ಚಿಕ್ಕ ಪ್ರಮಾಣದಲ್ಲಿ ಮತ್ತೆ ಬರುತ್ತದೆ.

ಕೊನೆಯದಾಗಿ ವಿಕ್ಟರಿ. ಅದು 104 ಫಿರಂಗಿಗಳ ಹಡಗು. ತೆರೆದ ಅಟ್ಟದ ಮೇಲಿನ ಒಂದೊಂದು ಫಿರಂಗಿಗೂ ಗಾಡಿ, ನಾಲ್ಕು ಚಕ್ರ, ಹಿಂದೆ ಸರಿಯದಂತೆ ತಡೆಯುವ ಹಗ್ಗ ಎಲ್ಲವನ್ನೂ ಮಾಡಬೇಕು. ಪಕ್ಕಗಳಲ್ಲಿ ಸಾಲು ಸಾಲಾಗಿ ಬರುವ ಕಿಂಡಿಗಳು ಒಂದೇ ರೇಖೆಯಲ್ಲಿ ಬಾಗಿ ಹೋಗಬೇಕು. ಇಲ್ಲಿನ ಸವಾಲು ಒಂದೊಂದು ತುಂಡಿನ ಕಷ್ಟಕ್ಕಿಂತ ಅದೇ ಕೆಲಸವನ್ನು ಅದೇ ಗುಣಮಟ್ಟದಲ್ಲಿ ವರ್ಷಗಳ ಕಾಲ ಮಾಡುತ್ತಿರುವುದರಲ್ಲಿದೆ. ವಾಸಾದ ವಿಷಯದಲ್ಲಿ ಇದರೊಂದಿಗೆ ನೂರಾರು ಶಿಲ್ಪಗಳೂ ಸೇರುತ್ತವೆ. ಇವೆರಡನ್ನೂ ಆಸೆಯಾಗಿ ಇಟ್ಟುಕೊಳ್ಳಿ, ಮೊದಲ ಕಿಟ್ ಆಗಿ ಬೇಡವೆಂದು ಕಳಕಳಿಯಿಂದ ಹೇಳುತ್ತೇನೆ.

ತಯಾರಕರ ನಡುವಿನ ವ್ಯತ್ಯಾಸ

ಅಮೆರಿಕದ ಕಿಟ್‌ಗಳಲ್ಲಿ ದೊಡ್ಡ ನಕ್ಷೆಗಳೂ ಹಂತ ಹಂತದ ವಿವರಣೆಯ ಪುಸ್ತಕವೂ ಇರುವುದರಿಂದ ಓದಿ ಅರ್ಥ ಮಾಡಿಕೊಳ್ಳುವ ಸ್ವಭಾವದವರಿಗೆ ಅವು ಒಗ್ಗುತ್ತವೆ. ಸ್ಪೇನಿನ ಓಕ್ರೆ ಸಂಸ್ಥೆ ತನ್ನ ಕಿಟ್‌ಗಳಿಗೆ ವಿಡಿಯೊ ಪಾಠಗಳನ್ನು ಒದಗಿಸುತ್ತದೆ. ನೋಡಿ ಕಲಿಯುವವರಿಗೆ ಅದರ ಪೊಲಾರಿಸ್ ಎಂಬ 1:50 ಪ್ರಮಾಣದ ಕಿಟ್ ಸೂಕ್ತ. ಸ್ಪೇನಿನ ಆರ್ಟೆಸಾನಿಯಾ ಲಾಟಿನಾ, ಇಟಲಿಯ ಅಮಾಟಿ, ಡೆನ್ಮಾರ್ಕಿನ ಬಿಲ್ಲಿಂಗ್ ಬೋಟ್ಸ್ ಇವುಗಳೂ ಹಳೆಯ ಹೆಸರುಗಳೇ. ಒಂದೇ ತಯಾರಕರಲ್ಲಿ ದಶಕಗಳ ಹಿಂದೆ ವಿನ್ಯಾಸಗೊಂಡ ಕಿಟ್‌ಗಳೂ ಹೊಸವೂ ಒಟ್ಟಿಗೆ ಮಾರಾಟದಲ್ಲಿರುವುದುಂಟು, ಆದ್ದರಿಂದ ಸಂಸ್ಥೆಯ ಹೆಸರಿಗಿಂತ ಆ ನಿರ್ದಿಷ್ಟ ಕಿಟ್ ಯಾವ ಕಾಲದ್ದೆಂದು ವಿಚಾರಿಸುವುದು ಮುಖ್ಯ. ಕೈಪಿಡಿಯನ್ನು ಕೊಳ್ಳುವ ಮುನ್ನವೇ ಓದಲು ಕೊಡುವ ತಯಾರಕರಿದ್ದಾರೆ. ಓದಿ, ಹಲಗೆ ಹೊದಿಸುವ ಭಾಗಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆಂದು ನೋಡಿ.

ಅತಿ ಅಗ್ಗದ ದರಕ್ಕೆ ಅಂತರ್ಜಾಲದಲ್ಲಿ ಸಿಗುವ ಕಿಟ್‌ಗಳ ಬಗ್ಗೆ ಎಚ್ಚರಿಕೆ ಬೇಕು. ಅವುಗಳಲ್ಲಿ ಕೆಲವು ಮೂಲ ವಿನ್ಯಾಸಕಾರರ ಅನುಮತಿಯಿಲ್ಲದೆ ನಕಲು ಮಾಡಿದವು. ಹೀಗೆ ನಕಲು ಮಾಡಿದ ಕಿಟ್ ಕೊಳ್ಳುವುದೆಂದರೆ, ವರ್ಷಗಟ್ಟಲೆ ದುಡಿದು ನಕ್ಷೆ ಬರೆದವರಿಗೆ ಸಲ್ಲಬೇಕಾದ ಹಣವನ್ನು ತಪ್ಪಿಸುವುದು. ಕೆಲವು ಸಾವಿರ ಉಳಿಯುವುದೆಂಬ ಕಾರಣಕ್ಕೆ ಇದಕ್ಕೆ ಕೈಹಾಕಬಾರದು. ವಿದೇಶದಿಂದ ತರಿಸುವಾಗ ಸಾಗಣೆ ವೆಚ್ಚವನ್ನೂ ಆಮದು ಸುಂಕವನ್ನೂ ಕಿಟ್‌ನ ಬೆಲೆಗೆ ಸೇರಿಸಿಯೇ ಹೋಲಿಕೆ ಮಾಡಬೇಕು. ಆಗ ಚಿಕ್ಕ ಪೆಟ್ಟಿಗೆಯ ಲಾಭ ಇನ್ನೂ ಸ್ಪಷ್ಟವಾಗುತ್ತದೆ.

ಮರ, ಅಂಟು, ಉಪಕರಣ

ಕಿಟ್‌ನ ಪಟ್ಟಿ ಮುರಿದಾಗ ಅಥವಾ ಸಾಲದೆ ಬಂದಾಗ ಇಲ್ಲಿಯೇ ಮರ ಹುಡುಕಬೇಕಾಗುತ್ತದೆ. ತೇಗದ ಮರ ನಿಜವಾದ ಹಡಗಿಗೆ ಅತ್ಯುತ್ತಮ. ಮಲಬಾರ್ ತೇಗದಿಂದ ಮುಂಬಯಿಯ ವಾಡಿಯಾ ಕುಶಲಕರ್ಮಿಗಳು ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಆದರೆ ಮಾದರಿಗೆ ತೇಗ ಒಗ್ಗದು. ಅದರ ಎಳೆ ದಪ್ಪ, ರಂಧ್ರಗಳು ದೊಡ್ಡವು. 1:64ರಲ್ಲಿ ಆ ರಂಧ್ರಗಳು ಹಲಗೆಯಲ್ಲಿ ಗುಂಡಿ ಬಿದ್ದಂತೆ ಕಾಣುತ್ತವೆ. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರ ಬಿಳಿಯಾಗಿ, ನುಣುಪಾಗಿ, ಒತ್ತಾದ ಎಳೆಯುಳ್ಳದ್ದಾಗಿರುವುದರಿಂದ ಗಾಲಿ, ಕಂಬದ ತುದಿ, ಕೆತ್ತನೆಯ ಚಿಕ್ಕ ತುಂಡುಗಳಿಗೆ ತಕ್ಕುದಾದುದು. ಬಾಲ್ಸಾ ಮರ ಮೂತಿಯ ಬಳಿ ಅಡ್ಡಫಲಕಗಳ ನಡುವಿನ ಖಾಲಿ ಜಾಗ ತುಂಬಲು ಸಾಕು, ಹೊರಹಲಗೆಗೆ ಬೇಡ.

ಅಂಟಿನ ವಿಷಯದಲ್ಲಿ ಬಡಗಿಗಳು ಬಳಸುವ ಬಿಳಿ ಅಂಟೇ ಬಹುತೇಕ ಕೆಲಸಕ್ಕೆ ಉತ್ತಮ. ನಿಧಾನವಾಗಿ ಹಿಡಿಯುವುದರಿಂದ ಹಲಗೆಯನ್ನು ಸರಿಪಡಿಸಲು ಸಮಯ ಸಿಗುತ್ತದೆ, ತಪ್ಪಾದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಸಡಿಲಗೊಳಿಸಬಹುದು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಮರದೊಳಗೆ ಇಂಗಿದ ಕಡೆ ವಾರ್ನಿಷ್ ಹೀರಿಕೊಳ್ಳದೆ ಕಲೆಯಾಗಿ ಉಳಿಯುತ್ತದೆ. ಉಪಕರಣಗಳಿಗಾಗಿ ಮೊದಲೇ ಹೆಚ್ಚು ಖರ್ಚು ಮಾಡಬೇಡಿ: ಚೂಪು ಬ್ಲೇಡಿನ ಚಾಕು, ಉಕ್ಕಿನ ಅಳತೆಪಟ್ಟಿ, 120, 220, 400 ಸಂಖ್ಯೆಯ ಉಪ್ಪುಕಾಗದ, ಕೈಯಿಂದ ತಿರುಗಿಸುವ ಚಿಕ್ಕ ಡ್ರಿಲ್, ಸಣ್ಣ ಅರಗಳು, ಚಿಮುಟ, ಚಿಕ್ಕ ಕೀಸುಳಿ, ಬಟ್ಟೆ ಒಣಗಿಸುವ ಕ್ಲಿಪ್ಪುಗಳು ಮೊದಲ ಮಾದರಿಗೆ ಸಾಕು.

ನಮ್ಮ ಕರಾವಳಿಯ ದೋಣಿಗಳು

ಪಶ್ಚಿಮ ಕರಾವಳಿಯ ಪತ್ತೆಮಾರಿ ಎಂಬ ಹಾಯಿಹಡಗನ್ನೋ ಕೇರಳದ ಬೇಪೂರಿನ ಉರು ಎಂಬ ಮರದ ಹಡಗನ್ನೋ ಕಟ್ಟಬೇಕೆಂಬ ಆಸೆ ನಮ್ಮವರಿಗೆ ಬಂದರೆ ಅದಕ್ಕಿಂತ ಸಂತೋಷದ ಸಂಗತಿ ಇಲ್ಲ. ಆದರೆ ಇದು ಮೊದಲ ಮಾದರಿಯ ಕೆಲಸವಲ್ಲ. ಉರು ಕಟ್ಟುವ ಮೇಸ್ತ್ರಿಗಳು ಸಾಂಪ್ರದಾಯಿಕವಾಗಿ ಕಾಗದದ ನಕ್ಷೆಯಿಲ್ಲದೆ, ಅನುಭವದ ಲೆಕ್ಕದಲ್ಲಿ ಕಟ್ಟಿದವರು. ಮೊದಲು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಒಡಲಿನ ಆಕಾರ ತಂದು, ಪಕ್ಕೆಗಳನ್ನು ಬಳಿಕ ಒಳಗಿನಿಂದ ಸೇರಿಸುವ ಆ ಕ್ರಮ ಅಡ್ಡಫಲಕಗಳ ಕಿಟ್ ವಿಧಾನಕ್ಕೆ ತೀರ ವಿರುದ್ಧ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ನೌಕಾಧಿಕಾರಿ ಫ್ರಾನ್ಸುವಾ ಎಡ್ಮಂಡ್ ಪಾರಿ ಏಷ್ಯಾದ ದೋಣಿಗಳನ್ನು ಅಳೆದು ಬರೆದ ನಕ್ಷೆಗಳಲ್ಲಿ ಪತ್ತೆಮಾರಿಯೂ ಇದೆ. ಅಂಥ ನಕ್ಷೆಯಿಂದ ಅಡ್ಡಫಲಕಗಳ ಆಕಾರವನ್ನು ತಾವೇ ಎಳೆದುಕೊಳ್ಳುವ ಹೊತ್ತಿಗೆ ಎರಡು ಮೂರು ಕಿಟ್‌ಗಳನ್ನು ಮುಗಿಸಿರುವ ಕೈ ಬೇಕು.

ಕಿಟ್ ಕೈಗೆ ಬಂದ ದಿನ ಮಾಡಬೇಕಾದ ಕೆಲಸ ಒಂದಿದೆ. ಪ್ಲೈವುಡ್ಡಿನ ನಡುಫಲಕವನ್ನು ಗಾಜಿನ ಹಾಳೆಯ ಮೇಲಿಟ್ಟು, ಅದು ಎಲ್ಲಿಯೂ ಏಳದೆ ಸಪಾಟಾಗಿ ಕೂರುತ್ತದೆಯೇ ಎಂದು ನೋಡಿ. ಬಾಗಿದ್ದರೆ ನೆನೆಸಿ, ಭಾರ ಹೇರಿ, ಪೂರ್ತಿ ಒಣಗುವವರೆಗೆ ಬಿಡಿ. ಮಂಗಳೂರು ಉಡುಪಿಗಳ ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ದಿನ ಹಿಡಿಯುತ್ತದೆ. ನೇರವಾಗದಿದ್ದರೆ ಬದಲಿ ಕೊಡುವಂತೆ ಮಾರಿದವರಿಗೆ ಬರೆಯಿರಿ, ಬದಲಿ ಬರುವವರೆಗೆ ಒಂದು ಅಡ್ಡಫಲಕವನ್ನೂ ಅಂಟಿಸಬೇಡಿ. ತುಂಡುಗಳ ಪಟ್ಟಿಯನ್ನು ಹಿಡಿದು ಪ್ರತಿಯೊಂದನ್ನೂ ಎಣಿಸಿ, ಲೇಸರ್ ಹಾಳೆಯಿಂದ ಬಿಡಿಸುವ ಮೊದಲೇ ಪ್ರತಿ ತುಂಡಿನ ಮೇಲೆ ಅದರ ಸಂಖ್ಯೆಯನ್ನು ಪೆನ್ಸಿಲಿನಿಂದ ಬರೆಯಿರಿ.